ಸೆರೆಸಿಕ್ಕ ಎಲೆಕ್ಟ್ರಾನು, ಬಿಡಿಸುವ ಅಲೆ

ರಬಕವಿ-ಬನಹಟ್ಟಿ ತಾಲ್ಲೂಕಿನ ಚಿಮ್ಮಡದಲ್ಲಿ ಕುಳಿತು ಟಿ.ವಿ. ನೋಡುವವರಿಗೆ ಮಗ್ಗದ ಲಾಳಿ ಹೊಸದಲ್ಲ. ಈ ಬದಿಯಿಂದ ಆ ಬದಿಗೆ ಅದರ ಓಡಾಟ ನಿಲ್ಲದು. ಭೂಮಿಯ ಕಾಂತಕ್ಷೇತ್ರದಲ್ಲಿ ಸಿಕ್ಕಿಬಿದ್ದ ಎಲೆಕ್ಟ್ರಾನುಗಳ ಪಾಡೂ ಹೀಗೆಯೇ. ಬಲರೇಖೆಯನ್ನು ಸುತ್ತುತ್ತ ಧ್ರುವದತ್ತ ಸಾಗುತ್ತವೆ. ಅಲ್ಲಿ ಕ್ಷೇತ್ರ ಬಲವಾದಂತೆ ಮುನ್ನಡೆ ನಿಂತು ಹಿಂದಿರುಗುತ್ತವೆ. 1958ರಲ್ಲಿ ಪತ್ತೆಯಾದ ವ್ಯಾನ್ ಅಲೆನ್ ವಿಕಿರಣ ಪಟ್ಟಿಗಳಲ್ಲಿ ಇವು ತಿಂಗಳುಗಟ್ಟಲೆ ಉಳಿಯಬಲ್ಲವು.

ಇದರಿಂದ ನಮಗೇನು? ನಿಮ್ಮ ಮನೆಗೆ ಚಿತ್ರ ತರುವ, ಹಾಸನದ ಮುಖ್ಯ ನಿಯಂತ್ರಣ ಕೇಂದ್ರ ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಲ್ಲಿ, ಹೊರಪಟ್ಟಿಯ ಅಂಚಿನಲ್ಲಿವೆ. 1962ರಲ್ಲಿ ಅಮೆರಿಕ ಬಾಹ್ಯಾಕಾಶದಲ್ಲಿ ಸಿಡಿಸಿದ ಬಾಂಬಿನ ಎಲೆಕ್ಟ್ರಾನುಗಳು ಹಲವು ಉಪಗ್ರಹಗಳನ್ನು ಕೆಡಿಸಿದವು.

ಇವನ್ನು ಹೊರದೂಡಬಹುದೇ? ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪ್ಲಾಸ್ಮಾ ತುಂಬಿದ ಉದ್ದನೆಯ ಕೊಳವೆಯಲ್ಲಿ, ಎರಡು ಬಲವಾದ ಕಾಂತಕ್ಷೇತ್ರಗಳ ನಡುವೆ ಎಲೆಕ್ಟ್ರಾನುಗಳನ್ನು ಹಿಡಿದಿಟ್ಟರು. ಬಳಿಕ ಆಲ್ಫ್‌ವೆನ್ ಅಲೆಯನ್ನು ಹಾಯಿಸಿದರು. ಇದರಲ್ಲಿ ಬಲರೇಖೆಗಳು ಮೀಟಿದ ತಂತಿಯಂತೆ ಕಂಪಿಸುತ್ತವೆ. ಎಲೆಕ್ಟ್ರಾನುಗಳು ಸೆರೆಯಿಂದ ತಪ್ಪಿಸಿಕೊಂಡವು. ಥಟ್ಟನೆ ಹೊಮ್ಮಿದ ಎಕ್ಸ್ ಕಿರಣಗಳೇ ಇದಕ್ಕೆ ಸಾಕ್ಷಿ. ಫಲಿತಾಂಶ 2012ರಲ್ಲಿ ಪ್ರಕಟವಾಯಿತು.

ಬಾನಿನಲ್ಲಿ ಹೀಗೆ ಬಿಡುಗಡೆಯಾದ ಎಲೆಕ್ಟ್ರಾನು ವಾಯುಮಂಡಲಕ್ಕೆ ಇಳಿದು ಶಕ್ತಿ ಕಳೆದುಕೊಳ್ಳುತ್ತದೆ. ಆದರೆ ಕೊಳವೆಯೊಳಗೆ ಗೆದ್ದದ್ದನ್ನು ಸಾವಿರಾರು ಕಿ.ಮೀ. ಹರಡಿದ ಪಟ್ಟಿಯಲ್ಲಿ ಗೆಲ್ಲುವುದು ಹೇಗೆ? ಆ ಲೆಕ್ಕ ಬಿಡಿಸುವ ಕೆಲಸ ನಿಮ್ಮ ತಲೆಮಾರಿಗೆ ಕಾದಿದೆ.