ಟ್ರ್ಯಾಕ್ಟರ್ ಇಳಿದು ಗಾಡಿ ಹತ್ತಿದ ಹಾಡು

ಸಿಂಧನೂರು ಸೀಮೆಯಲ್ಲಿ ಹಾಡು ಮೊದಲು ಹತ್ತಿದ್ದು ಟ್ರ್ಯಾಕ್ಟರನ್ನು. ಬೈಕಿನ ಸರದಿ ಬಂದದ್ದು ಎಷ್ಟೋ ವರ್ಷಗಳ ಮೇಲೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಜೋಳ ಬೆಳೆಯುತ್ತಿದ್ದ ಎರೆಹೊಲಗಳು ಭತ್ತದ ಗದ್ದೆಗಳಾದವು. ಆಂಧ್ರದ ರೈತರು ಬಂದು ಕ್ಯಾಂಪು ಕಟ್ಟಿದರು. ಕೇಜ್‌ವೀಲ್ ಹಾಕಿ ಕೆಸರುಗದ್ದೆ ಹದ ಮಾಡುವ ಡ್ರೈವರನಿಗೆ ರಾತ್ರಿಯಿಡೀ ಒಂಟಿ ಕೆಲಸ. ನಿದ್ದೆ ಓಡಿಸಲು ಟೇಪು ಬೇಕಾಯಿತು. ಒಂದು ಕ್ಯಾಂಪಿನ ಗದ್ದೆಯಲ್ಲಿ ತೆಲುಗು ಸಿನಿಮಾ ಹಾಡು, ಬಂಗಾಲಿ ನಿರಾಶ್ರಿತರು ನೆಲೆಸಿದ ಆರ್‌ಎಚ್ ಕ್ಯಾಂಪುಗಳ ಕಡೆ ಅವರ ಭಾಷೆಯ ಪದ, ಮಸ್ಕಿ ದಾಟಿ ಲಿಂಗಸುಗೂರಿನ ದಾರಿ ಹಿಡಿದರೆ ಜಾನಪದ, ಮುದಗಲ್ಲಿನ ಮೊಹರಂ ಹತ್ತಿರ ಬಂತೆಂದರೆ ರಿವಾಯತ್. ಕ್ಯಾಸೆಟ್ಟು ಫಿಲಿಪ್ಸ್ ಕಂಪನಿಯಿಂದ ಹೊರಬಂದದ್ದು 1963ರಲ್ಲಿ. ನಮ್ಮ ಹಳ್ಳಿಗಳನ್ನು ಮುಟ್ಟಿದ್ದು ಎಂಬತ್ತರ ದಶಕದಲ್ಲಿ, ಅಗ್ಗದ ಕ್ಯಾಸೆಟ್ಟುಗಳ ಹೊಳೆ ಹರಿದಾಗ.

ಟ್ರ್ಯಾಕ್ಟರಿಗೆ ಸೌಂಡು ಹಾಕುವುದು ಸುಲಭ. ಅದರ ಬ್ಯಾಟರಿ 75ರಿಂದ 88 ಆಂಪಿಯರ್-ಅವರ್‌ನದು. ಅದೇ ಆಸೆಯನ್ನು ಬೈಕಿಗೆ ತಂದವರು ಸಿಕ್ಕಿಬಿದ್ದದ್ದು ಇಲ್ಲಿಯೇ. 1994ರಲ್ಲಿ ಹೀರೊ ಹೋಂಡಾ ಸ್ಪ್ಲೆಂಡರ್ ಬಂದು ಹಳ್ಳಿ ರಸ್ತೆಗಳನ್ನು ತುಂಬಿತಲ್ಲ, ಆ ಜಾತಿಯ 100 ಸಿಸಿ ಗಾಡಿಗಳ ಬ್ಯಾಟರಿ ಬರೀ ಎರಡೂವರೆ-ಮೂರು ಆಂಪಿಯರ್-ಅವರ್. ಮೇಲಾಗಿ ಟೇಪಿಗೆ ಮೋಟಾರು, ಬೆಲ್ಟು, ರೀಲು. ಗುಂಡಿ ಬಿದ್ದ ರಸ್ತೆಯಲ್ಲಿ ಗಾಡಿ ಕುಲುಕಿದಾಗಲೆಲ್ಲ ಹಾಡುವವರ ಗಂಟಲೂ ಕುಲುಕುತ್ತಿತ್ತು. ಕ್ಯಾಸೆಟ್ಟಿನ ಕಾಲದಲ್ಲಿ ಬೈಕಿನ ಮೇಲೆ ಹಾಡು ಕೂರಲೇ ಇಲ್ಲ ಎಂದರೂ ನಡೆಯುತ್ತದೆ. ಕೂರಿಸಿದ್ದು ಪೆನ್‌ಡ್ರೈವು ಮತ್ತು ಮೆಮೊರಿ ಕಾರ್ಡು. ಅವುಗಳಲ್ಲಿ ತಿರುಗುವ ಭಾಗವೇ ಇಲ್ಲ. ಅಲುಗಿದರೂ ಹಾಡು ಕೆಡದು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಎಂಪಿ3 ಬೋರ್ಡಿಗೆ ಎಫ್‌ಎಮ್, ಆಮೇಲೆ ಬ್ಲೂಟೂತ್ ಸೇರಿಕೊಂಡವು.

ಹಾಡು ಸಿಕ್ಕಿತು, ದನಿ ಎಲ್ಲಿಂದ? ರೇಡಿಯೊ ರಿಪೇರಿ ಅಂಗಡಿಗಳಲ್ಲಿ ಅದಕ್ಕೆ ಮೊದಲೇ ಉತ್ತರವಿತ್ತು: ನಾಲ್ಕು ಸಾವಿರದ ನಾನೂರಾ ನಲವತ್ತು. ಜಪಾನಿನ ಸಾನ್ಯೊ ಕಂಪನಿಯ ಎಲ್‌ಎ4440 ಐಸಿ. ಮೆಕ್ಯಾನಿಕ್ಕುಗಳ ಬಾಯಲ್ಲಿ ಬರೀ ‘4440’. ಎರಡು ಸ್ಪೀಕರಿಗೆ ಆರಾರು ವಾಟು ಕೊಡುತ್ತದೆ, ಎರಡೂ ಕಡೆಯನ್ನು ಕೂಡಿಸಿ ಬ್ರಿಜ್ ಮಾಡಿದರೆ ಒಂದೇ ಸ್ಪೀಕರಿಗೆ 19 ವಾಟು. ಕಾರಿನ ಟೇಪಿಗೆಂದು ಹುಟ್ಟಿದ್ದು, 12 ವೋಲ್ಟಿಗೆ ಹೇಳಿ ಮಾಡಿಸಿದ್ದು.

ವಾಟು ಹೆಚ್ಚುಕಡಿಮೆ ಇಷ್ಟೇ ಬರುವುದಕ್ಕೆ ಕಾರಣವಿದೆ. 12 ವೋಲ್ಟಿನಲ್ಲಿ ಸಾದಾ ಆಂಪ್ಲಿಫೈಯರು ಸ್ಪೀಕರನ್ನು ಆಚೆಗೆ ಆರು, ಈಚೆಗೆ ಆರು ವೋಲ್ಟು ಮಾತ್ರ ತೂಗಬಲ್ಲದು. ನಾಲ್ಕು ಓಮಿನ ಸ್ಪೀಕರಿನಲ್ಲಿ ಅದು ನಾಲ್ಕೂವರೆ ವಾಟು. ಬ್ರಿಜ್ ಮಾಡಿದರೆ ತೂಗು ಇಮ್ಮಡಿ, ವಾಟು ನಾಲ್ಮಡಿ: ಹದಿನೆಂಟು. 12 ವೋಲ್ಟಿನ ಗಾಡಿಯಲ್ಲಿ, ವೋಲ್ಟು ಏರಿಸುವ ಬೇರೆ ಸರ್ಕ್ಯೂಟು ಇಲ್ಲದೆ, ನಾಲ್ಕು ಓಮಿನ ಸ್ಪೀಕರಿಗೆ ಇದಕ್ಕಿಂತ ಬಹಳ ಹೆಚ್ಚು ಬರುವುದಿಲ್ಲ. ಡಬ್ಬಿಯ ಮೇಲೆ ‘1000 ವಾಟು ಪಿಎಂಪಿಒ’ ಎಂದು ಅಚ್ಚಾಗಿದ್ದರೆ ಅದು ಅಚ್ಚು ಹಾಕಿದವನ ಧಾರಾಳತನ, ಅಷ್ಟೆ.

ಕಡಿಮೆ ಖರ್ಚಿನಲ್ಲಿ ಸೌಂಡು ಏರಿಸಬೇಕು ಅನ್ನುವವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ವಾಟು ಇಮ್ಮಡಿಯಾದರೆ ಏರುವುದು ಮೂರು ಡೆಸಿಬಲ್. ಕಿವಿಗೆ ಅದು ‘ಸ್ವಲ್ಪ ಜೋರು’. ಎರಡರಷ್ಟು ಜೋರು ಅನ್ನಿಸಲು ಹತ್ತು ಪಟ್ಟು ವಾಟು ಬೇಕು. ಅದರ ಬದಲು, ಅಷ್ಟೇ ವಾಟಿಗೆ ಆರು ಡೆಸಿಬಲ್ ಹೆಚ್ಚು ಕೂಗುವ ಸ್ಪೀಕರು ತಂದರೆ ಆಂಪ್ಲಿಫೈಯರನ್ನು ನಾಲ್ಕು ಪಟ್ಟು ದೊಡ್ಡದು ಮಾಡಿದಂತೆ. ದುಡ್ಡು ಸುರಿಯುವುದಾದರೆ ಸ್ಪೀಕರಿಗೆ ಸುರಿಯಬೇಕು ಎಂಬುದು ನನ್ನ ಮಟ್ಟಿಗೆ ವಾದಕ್ಕೆ ಆಸ್ಪದವೇ ಇಲ್ಲದ ಮಾತು.

ಇದನ್ನು ಪುಸ್ತಕ ಓದದೆ ಕಂಡುಕೊಂಡವರು ಊರೂರು ತಿರುಗಿ ಮಾರುವವರು. ಕೂದಲಿಗೆ ಪಾತ್ರೆ ಕೊಡುವವರು, ಉಳ್ಳಾಗಡ್ಡಿ, ಮೀನು, ಹಳೇ ಕಬ್ಬಿಣದವರು. ಅವರ ಹ್ಯಾಂಡಲಿಗೆ ಕಟ್ಟಿದ್ದು ಬೇಸ್ ಬಾಕ್ಸಲ್ಲ, ಸಣ್ಣ ಹಾರನ್ ಮೈಕು. ಸಾದಾ ಸ್ಪೀಕರು ತಾನು ತಿಂದ ವಿದ್ಯುತ್ತಿನಲ್ಲಿ ನೂರಕ್ಕೆ ಒಂದು ಪಾಲನ್ನಷ್ಟೇ ದನಿಯಾಗಿಸುತ್ತದೆ, ಉಳಿದದ್ದೆಲ್ಲ ಶಾಖ. ಹಾರನ್ನು ಅದರ ಹತ್ತಾರು ಪಟ್ಟು ಕೊಡುತ್ತದೆ. ಬೇಸು ಇಲ್ಲ, ನಿಜ. ಆದರೆ ‘ಬರ್ರೀ ಅಕ್ಕಾರ, ಬರ್ರೀ’ ಎಂದು ರೆಕಾರ್ಡು ಮಾಡಿಟ್ಟ ಮಾತಿಗೆ ಬೇಸು ಯಾಕೆ? ಓಣಿಯ ಆ ತುದಿಯ ಅಡುಗೆಮನೆಗೆ ಮಾತು ಮುಟ್ಟಿದರೆ ವ್ಯಾಪಾರ.

ಹುಡುಗರಿಗೆ ಮಾತ್ರ ಬೇಸೇ ಬೇಕು. ‘ಅಣ್ಣಾ, ಎದಿ ದಡದಡ ಅನ್ಬೇಕ್ ನೋಡ್ರಿ’. ತೆರೆದ ಸ್ಪೀಕರಿನ ಮುಂದಿನ ಅಲೆಯೂ ಹಿಂದಿನ ಅಲೆಯೂ ಒಂದನ್ನೊಂದು ನುಂಗುತ್ತವೆ, ಬೇಸು ಅಲ್ಲಿಯೇ ಸಾಯುತ್ತದೆ. ಹಿಂದೆ ಮನೆಗಳಲ್ಲಿ ಸ್ಪೀಕರನ್ನು ಮಣ್ಣಿನ ಮಡಿಕೆಯ ಬಾಯಿಗೆ ಕೂರಿಸುತ್ತಿದ್ದುದು ಇದೇ ಕಾರಣಕ್ಕೆ. ಬೈಕಿನ ಮೇಲೆ ಮಡಿಕೆ ನಿಲ್ಲದು. ಲೆಗ್‌ಗಾರ್ಡಿಗೆ ದಪ್ಪ ಪಿವಿಸಿ ಪೈಪಿನ ತುಂಡು ಬಿಗಿದು, ಹಿಂಬದಿ ಮುಚ್ಚಿ, ಒಳಗೆ ಸ್ವಲ್ಪ ಹತ್ತಿ ತುರುಕಿದರೆ ತಕ್ಕಮಟ್ಟಿಗೆ ಕೆಲಸ ಆಗುತ್ತದೆ.

ಇನ್ನು ರೇಸ್ ಕೊಟ್ಟಂತೆ ಏರುವ ‘ಕುಂಯ್’ ಸದ್ದು. ಅದು ಗಾಡಿಯ ಕಾಯಿಲ್‌ನಿಂದ ಬರುವ ಕರೆಂಟಿನ ಏರಿಳಿತ. ಆಂಪ್ಲಿಫೈಯರಿನ ಎರಡೂ ವಯರನ್ನು ನೇರ ಬ್ಯಾಟರಿಗೆ ಎಳೆದು, ಪಾಸಿಟಿವಿಗೆ ಫ್ಯೂಜು ಹಾಕಿ, ಬೋರ್ಡಿನ ಬುಡದಲ್ಲಿ 2200 ಮೈಕ್ರೊಫ್ಯಾರಡ್, 25 ವೋಲ್ಟಿನ ಕೆಪ್ಯಾಸಿಟರ್ ಕೂರಿಸಿದರೆ ಬಹುಪಾಲು ಅಡಗುತ್ತದೆ. ಅರ್ತನ್ನು ಚಾಸಿಗೆ ಕಚ್ಚಿಸಿ ಕೈತೊಳೆದುಕೊಂಡರೆ ಅಡಗದು.

2017ರ ಏಪ್ರಿಲ್‌ನಿಂದ ಹೊಸ ಬೈಕುಗಳಲ್ಲಿ ಹೆಡ್‌ಲೈಟು ಸದಾ ಉರಿಯಲೇಬೇಕೆಂಬ ನಿಯಮ ಬಂತು. ಕಾಯಿಲ್‌ಗೆ ಹಗಲೂ ಲೋಡು. ಹಾಗಾಗಿ ಹಳೇ 4440 ಬಿಟ್ಟು ‘3110’ರಂಥ ಡಿ-ಕ್ಲಾಸ್ ಬೋರ್ಡು ಹಾಕುವುದು ಲೇಸು. ನೂರಕ್ಕೆ ತೊಂಬತ್ತರಷ್ಟು ವಿದ್ಯುತ್ತನ್ನು ಅದು ಸ್ಪೀಕರಿಗೇ ತಲುಪಿಸುತ್ತದೆ, ಅಂಗೈಯಗಲದ ಹೀಟ್‌ಸಿಂಕು ಬೇಡ. ಕಾನೂನಿನ ಕಣ್ಣಿಗೆ ಎರಡೂ ಒಂದೇ: 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ.

ಬನದ ಹುಣ್ಣಿಮೆಗೆ ಅಂಬಾಮಠದ ಜಾತ್ರೆಯಲ್ಲಿ ಗಾಡಿ ನಿಲ್ಲಿಸಿ, ಇಂಜಿನ್ ಆರಿಸಿ ಹಾಡು ಹಾಕುವವರು ಒಂದು ಲೆಕ್ಕ ನೆನಪಿಟ್ಟರೆ ಸಾಕು. ಒಂದೂವರೆ ಆಂಪಿಯರ್ ಎಳೆದರೂ ಸಣ್ಣ ಬ್ಯಾಟರಿ ತಾಸಿನಲ್ಲಿ ಅರ್ಧದಷ್ಟಾದರೂ ಖಾಲಿ, ಸೆಲ್ಫ್ ಕೈಕೊಡುತ್ತದೆ. ಕಿಕ್ ಇರುವ ಗಾಡಿಯವನು ಬಚಾವ್. ಕಿಕ್ ಇಲ್ಲದವನು, ಅಷ್ಟೊತ್ತೂ ಪುಕ್ಕಟೆ ಹಾಡು ಕೇಳಿದ ಗೆಳೆಯರನ್ನೇ ಗಾಡಿ ತಳ್ಳಲು ಕರೆಯಬೇಕು.