ಫೈಲು ಯಾವುದು, ತೆರೆಯುವವರು ಯಾರು?

ಖಾರ್ಘರ್ ರೈಲು ನಿಲ್ದಾಣದ ಎದುರಿಗೆ, ಸಿಬಿಡಿ ಬೇಲಾಪುರದ ಅಂಚೆ ವಿಳಾಸ ಹೊತ್ತು ನಿಂತಿರುವುದು ಸಿ-ಡ್ಯಾಕ್‌ನ ಮುಂಬಯಿ ಕೇಂದ್ರ. ಎನ್‌ಸಿಎಸ್‌ಟಿ ಎಂಬುದು ಇದರ ಹಳೆಯ ಹೆಸರು. ಲಿನಕ್ಸ್ ಪರದೆಯ ಮೇಲೆ ಭಾರತೀಯ ಲಿಪಿಗಳು ಒತ್ತಕ್ಷರ, ಗುಣಿತಾಕ್ಷರಗಳ ಸಮೇತ ಸರಿಯಾಗಿ ಮೂಡಲೆಂದು ‘ಇಂಡಿಕ್ಸ್’ ಯೋಜನೆ ಕೈಗೊಂಡದ್ದು ಈ ಸಂಸ್ಥೆಯೇ. ಮುಂದೆ 2007ರಲ್ಲಿ ಸಿ-ಡ್ಯಾಕ್‌ನ ಚೆನ್ನೈ ಕೇಂದ್ರ ಡೆಬಿಯನ್ ತಳಹದಿಯ ‘ಬಾಸ್’ ಲಿನಕ್ಸ್ ಹೊರತಂದಿತು. ಅಕ್ಷರ ಮೂಡಿಸುವ ಕಷ್ಟದ ಕೆಲಸ ಹೀಗೆ ಎಂದೋ ನಡೆದಿದೆ. ಆದರೂ ಲಿನಕ್ಸ್‌ಗೆ ಹೊಸದಾಗಿ ಬಂದವರು ತೀರಾ ಸಣ್ಣದೊಂದು ಸಂಗತಿಗೆ ಬೇಸತ್ತು ಹಿಂದಿರುಗುವುದುಂಟು. ನಿನ್ನೆಯವರೆಗೆ ಪುಟ ಮಗುಚಿ ಓದುತ್ತಿದ್ದ ಪಿಡಿಎಫ್ ಇಂದು ಡಬಲ್ ಕ್ಲಿಕ್ ಮಾಡಿದರೆ ಚಿತ್ರ ತಿದ್ದುವ ಗಿಂಪ್‌ನಲ್ಲಿ ತೆರೆದು, ಯಾವ ಪುಟ ಬೇಕೆಂದು ಕೇಳುತ್ತದೆ. ವೈರಸ್ ಹೊಕ್ಕಿತೆಂದು ಗಾಬರಿಪಡುವವರೂ ಇದ್ದಾರೆ.

ಗಾಬರಿಗೆ ಕಾರಣವಿಲ್ಲ. ಡಬಲ್ ಕ್ಲಿಕ್ ಮಾಡಿದಾಗ ಯಂತ್ರ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತದೆ. ಈ ಫೈಲು ಯಾವ ಬಗೆಯದು? ಆ ಬಗೆಯನ್ನು ತೆರೆಯಬೇಕಾದವರು ಯಾರು? ಲಿನಕ್ಸ್ ಇವೆರಡನ್ನೂ ಬೇರೆಬೇರೆಯಾಗಿ ಇಟ್ಟಿದೆ. ಎರಡನೆಯದರಲ್ಲಿ ಕೊನೆಯ ಮಾತು ಫೈಲಿನ ಒಡೆಯರದ್ದು.

ಬಗೆಗಳಿಗೆ ಹೆಸರಿಡುವ ಪದ್ಧತಿ ಬಂದದ್ದು ಇಮೇಲ್‌ನಿಂದ. ಪತ್ರದೊಡನೆ ಚಿತ್ರ, ಧ್ವನಿ ಕಳಿಸಬೇಕಾದರೆ ಆಚೆಯ ಯಂತ್ರಕ್ಕೆ ಬಂದದ್ದೇನೆಂದು ತಿಳಿಯಬೇಕಲ್ಲ. ಅದಕ್ಕಾಗಿ ನಥಾನಿಯಲ್ ಬೊರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ 1992ರಲ್ಲಿ ‘ಮೈಮ್’ ಎಂಬ ಮಾನಕ ರೂಪಿಸಿದರು. ‘ಇಮೇಜ್/ಪಿಎನ್‌ಜಿ’, ‘ಅಪ್ಲಿಕೇಶನ್/ಪಿಡಿಎಫ್’ ಎಂಬ ಜೋಡಿ ಹೆಸರುಗಳು ಆ ಪದ್ಧತಿಯವು. ಲಿನಕ್ಸ್‌ನ ಡೆಸ್ಕ್‌ಟಾಪ್‌ಗಳು ಇವನ್ನೇ ಎತ್ತಿಕೊಂಡವು. ಗ್ನೋಮ್, ಕೆಡಿಇ ಮುಂತಾದವು ತಮ್ಮತಮ್ಮಲ್ಲಿ ಹೊಂದಿಕೊಳ್ಳಲೆಂದು 2000ದಲ್ಲಿ ಹುಟ್ಟಿದ ಫ್ರೀಡೆಸ್ಕ್‌ಟಾಪ್ ಯೋಜನೆ ಇವಕ್ಕೊಂದು ಸಮಾನ ಪಟ್ಟಿ ಒದಗಿಸಿತು.

ಲಿನಕ್ಸ್ ಫೈಲಿನ ಹೆಸರನ್ನು ನೋಡುವುದೇ ಇಲ್ಲ, ಒಳಗನ್ನಷ್ಟೇ ನೋಡುತ್ತದೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಡೆಸ್ಕ್‌ಟಾಪ್ ಮಟ್ಟಿಗೆ ಅದು ನಿಜವಲ್ಲ. ಅದು ಮೊದಲು ನೋಡುವುದು ಹೆಸರಿನ ಬಾಲವನ್ನೇ. ಬಾಲವಿಲ್ಲದಿದ್ದರೆ, ಅಥವಾ ಒಂದೇ ಬಾಲಕ್ಕೆ ಎರಡು ಅರ್ಥವಿದ್ದರೆ, ಆಗ ಒಳಗಿನ ಬೈಟುಗಳ ಕಡೆಗೆ ತಿರುಗುತ್ತದೆ. ಪಿಎನ್‌ಜಿ ಚಿತ್ರದ ಮೊದಲ ಬೈಟು 137. ಮುಂದಿನ ಮೂರು ಬೈಟುಗಳು ಪಿ, ಎನ್, ಜಿ ಅಕ್ಷರಗಳು. ಜಿಪ್ ಫೈಲಿನ ಶುರುವಿನಲ್ಲಿರುವ ‘ಪಿಕೆ’ ಅದನ್ನು ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು. ಲಿಬ್ರೆ ಆಫೀಸಿನ ದಾಖಲೆ, ಇ-ಪಬ್ ಪುಸ್ತಕ, ವರ್ಡ್‌ನ ಹೊಸ ಫೈಲು, ಇವೆಲ್ಲ ಒಳಗಿಂದ ಜಿಪ್‌ಗಳೇ. ಹಾಗಾದರೆ ಗುರುತು ಹೇಗೆ? ಮೊದಲೆರಡರ ಮಾನಕಗಳು ಇದಕ್ಕೆ ಸೊಗಸಾದ ಉಪಾಯ ಮಾಡಿವೆ. ಬಗೆಯ ಹೆಸರನ್ನು ಬರೆದ ಪುಟ್ಟ ಫೈಲೊಂದನ್ನು ಜಿಪ್‌ನ ಮೊದಲ ಸ್ಥಾನದಲ್ಲಿ, ಕುಗ್ಗಿಸದೆ ಇಡುತ್ತವೆ. ಜಿಪ್ ಬಿಚ್ಚದೆಯೇ ಅದನ್ನು ಓದಬಹುದು. ಎಷ್ಟೋ ವರ್ಷಗಳ ನಂತರ ಯಾರೋ ಹೆಸರಿಲ್ಲದ ಫೈಲನ್ನು ಕೈಗೆತ್ತಿಕೊಂಡಾಗಲೂ ಅದು ತಾನಾರೆಂದು ಹೇಳಬಲ್ಲದು. ಮುಕ್ತ ಮಾನಕಗಳ ಬಗ್ಗೆ ನನಗೆ ಗೌರವ ಬೆಳೆದದ್ದು ಇಂಥ ದೂರಾಲೋಚನೆಗಾಗಿಯೇ.

ನಮ್ಮ ಹಳೆಯ ಕನ್ನಡ ಫೈಲುಗಳಿಗೆ ಆ ಭಾಗ್ಯ ಸಿಗಲಿಲ್ಲ. ಬರಹ, ನುಡಿ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾದ ಪಠ್ಯ ಯಂತ್ರದ ಕಣ್ಣಿಗೆ ಬರೀ ರೋಮನ್ ಅಕ್ಷರಗಳ ರಾಶಿ. ಬಗೆ ‘ಪಠ್ಯ’ ಎಂದೇ ಗೊತ್ತಾಗುತ್ತದೆ, ಸಂಪಾದಕ ತಂತ್ರಾಂಶ ಮರುಮಾತಿಲ್ಲದೆ ತೆರೆಯುತ್ತದೆ, ಓದಲು ಮಾತ್ರ ಒಂದಕ್ಷರವೂ ಸಿಗದು. ಭಾರತೀಯ ಲಿಪಿಗಳಿಗಾಗಿ ಬಂದ 1991ರ ಇಸ್ಕಿ ಮಾನಕದ ತೊಡಕು ಇನ್ನೊಂದು ತರಹದ್ದು. ಅದರಲ್ಲಿ ಕನ್ನಡದ ‘ಕ’ಕ್ಕೂ ಮರಾಠಿಯ ‘ಕ’ಕ್ಕೂ ಒಂದೇ ಸಂಖ್ಯೆ, 179. ಲಿಪಿ ಸೂಚಿಸುವ ಪ್ರತ್ಯೇಕ ಸಂಕೇತ ಜೊತೆಗಿಲ್ಲದಿದ್ದರೆ ಬೇಲಾಪುರದ ಕನ್ನಡ ಮನೆಯ ಪತ್ರವೂ ಪಕ್ಕದ ಮರಾಠಿ ಮನೆಯ ಪತ್ರವೂ ಒಂದೇ ಲಿಪಿಯವೆಂದು ಯಂತ್ರ ತಿಳಿದೀತು. ಯುನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಜಾಗವಿದೆ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತವೂ ಮೂರು ಬೈಟುಗಳದ್ದು. ಮೊದಲನೆಯದು ಯಾವಾಗಲೂ 224, ಎರಡನೆಯದು 178 ಅಥವಾ 179. ಈ ಜಾಡು ಹಿಡಿದು ಕನ್ನಡವನ್ನು ಗುರುತಿಸುವುದು ಸುಲಭ. ನಿಮ್ಮಲ್ಲಿ ಹಳೆಯ ಫಾಂಟಿನ ಬರಹಗಳಿದ್ದರೆ ದಯವಿಟ್ಟು ಇಂದೇ ಯುನಿಕೋಡ್‌ಗೆ ಪರಿವರ್ತಿಸಿಡಿ. ಯಾವ ತಂತ್ರಾಂಶದಲ್ಲಿ ತೆರೆಯಬೇಕೆಂಬ ಆಯ್ಕೆ ಆ ನಷ್ಟವನ್ನು ತುಂಬಿಕೊಡಲಾರದು.

ಇನ್ನು ಎರಡನೆಯ ಪ್ರಶ್ನೆ. ಪ್ರತಿ ತಂತ್ರಾಂಶವೂ ಯಂತ್ರದಲ್ಲಿ ನೆಲೆಯೂರುವಾಗ ತಾನು ಯಾವ್ಯಾವ ಬಗೆಗಳನ್ನು ತೆರೆಯಬಲ್ಲೆನೆಂದು ತನ್ನ ‘ಡೆಸ್ಕ್‌ಟಾಪ್’ ಫೈಲಿನಲ್ಲಿ ಬರೆದಿಡುತ್ತದೆ. ಗಿಂಪ್ ಕೂಡ ಪಿಡಿಎಫ್ ತೆರೆಯಬಲ್ಲೆ ಎನ್ನುತ್ತದೆ, ಅದು ಸುಳ್ಳೂ ಅಲ್ಲ. ಯಾರಿಗೆ ಆದ್ಯತೆ ಎಂದು ಎಲ್ಲೂ ಬರೆದಿಲ್ಲದಿದ್ದರೆ ಹಾಗೆಂದವರಲ್ಲಿ ಯಾರೋ ಒಬ್ಬರಿಗೆ ಕೆಲಸ ಹೋಗುತ್ತದೆ. ಹೊಸ ತಂತ್ರಾಂಶ ಹಾಕಿದ ಮರುದಿನವೇ ವರ್ತನೆ ಬದಲಾಗುವುದು ಇದರಿಂದ.

ಸರಿಪಡಿಸುವುದು ಕ್ಷಣದ ಕೆಲಸ. ಗ್ನೋಮ್‌ನಲ್ಲಿ ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ಓಪನ್ ವಿತ್’ ಪಟ್ಟಿಯಿಂದ ಬೇಕಾದ ತಂತ್ರಾಂಶ ಆರಿಸಿ, ಅದನ್ನೇ ಸದಾ ಬಳಸುವಂತೆ ಗೊತ್ತುಮಾಡಿದರಾಯಿತು. ಕೆಡಿಇಯಲ್ಲಾದರೆ ಸಿಸ್ಟಮ್ ಸೆಟ್ಟಿಂಗ್ಸ್‌ನ ಒಳಗೆ ಫೈಲ್ ಅಸೋಸಿಯೇಶನ್ಸ್ ಎಂಬ ವಿಭಾಗವೇ ಇದೆ. ಈ ಆಯ್ಕೆ ಹೋಗಿ ಕೂರುವುದು ನಿಮ್ಮ ಹೋಮ್ ಫೋಲ್ಡರಿನ ‘ಕಾನ್ಫಿಗ್’ ಒಳಗಿರುವ ‘ಮೈಮ್‌ಆ್ಯಪ್ಸ್ ಲಿಸ್ಟ್’ ಎಂಬ ಸರಳ ಪಠ್ಯದ ಫೈಲಿನಲ್ಲಿ. ಕಾನ್ಫಿಗ್‌ನ ಹೆಸರು ಚುಕ್ಕಿಯಿಂದ ಶುರುವಾಗುವುದರಿಂದ ಅದು ಮರೆಯಲ್ಲಿರುತ್ತದೆ. ಕಂಟ್ರೋಲ್ ಮತ್ತು ಎಚ್ ಗುಂಡಿ ಒತ್ತಿದರೆ ಕಾಣುತ್ತದೆ. ಫೈಲಿನೊಳಗೆ ಒಂದು ಸಾಲಿಗೆ ಒಂದು ಬಗೆ, ಸಮಚಿಹ್ನೆ, ಅದರ ಮುಂದೆ ತಂತ್ರಾಂಶದ ಹೆಸರು, ಇಷ್ಟೇ. ಇಡೀ ಯಂತ್ರಕ್ಕೆ ಅನ್ವಯಿಸುವ ಪಟ್ಟಿಗಿಂತ ನಿಮ್ಮ ಈ ಪಟ್ಟಿಗೆ ಹೆಚ್ಚಿನ ಬೆಲೆ. ಬೇಡವಾದ ಸಾಲು ಅಳಿಸಿದರೆ ವ್ಯವಸ್ಥೆ ಮೊದಲಿನಂತಾಗುತ್ತದೆ. ಯಂತ್ರ ಬದಲಿಸಿದಾಗ ಈ ಒಂದು ಫೈಲನ್ನು ನಕಲು ಮಾಡಿಕೊಂಡರೆ, ಹೊಸ ಯಂತ್ರದಲ್ಲೂ ಅದೇ ತಂತ್ರಾಂಶಗಳಿದ್ದಲ್ಲಿ ಎಲ್ಲ ಆಯ್ಕೆಗಳೂ ಜೊತೆಗೇ ಬರುತ್ತವೆ.