ಚಿತ್ರದಾಗಿನ ಅಂಗಿ ಮೈಮ್ಯಾಲೆ ಬರೋತನಕ

ಚಿಂಚೋಳಿ ಎಂಐಡಿಸಿ (ಸೊಲ್ಲಾಪುರ): ಚಿಂಚೋಳಿ ಎಂದರೆ ಕಲಬುರಗಿ ಜಿಲ್ಲೆಯ ತಾಲ್ಲೂಕು ನೆನಪಾಗುತ್ತದೆ. ಈ ಚಿಂಚೋಳಿ ಬೇರೆ. ಇದು ಸೊಲ್ಲಾಪುರ-ಪುಣೆ ಹೆದ್ದಾರಿಯಲ್ಲಿ, ಮೋಹೋಳ ತಾಲ್ಲೂಕಿನಲ್ಲಿರುವ ಕೈಗಾರಿಕಾ ಪ್ರದೇಶ. ಪಾಳಿ ಮುಗಿಸಿ ಹೊರಬರುವ ಕಾರ್ಮಿಕರ ಮೈಮೇಲಿನ ಅಂಗಿಯೇ ಫ್ಯಾಷನ್ ಡಿಸೈನ್ ಕಲಿಯುವ ಮಕ್ಕಳಿಗೆ ದೊಡ್ಡ ಪಾಠ.

ಚಾದರು, ಟವೆಲ್‌ಗೆ ಹೆಸರಾದ ಸೊಲ್ಲಾಪುರ ಇಂದು ಶಾಲಾ ಸಮವಸ್ತ್ರಕ್ಕೂ ಹೆಸರುವಾಸಿ. ಆದರೂ ಮಗಳು ಡಿಸೈನ್ ಕೋರ್ಸಿಗೆ ಸೇರುತ್ತೇನೆಂದರೆ ಅಕ್ಕಲಕೋಟ ಕಡೆಯ ಕನ್ನಡ ಮನೆಗಳಲ್ಲಿ ಬರುವ ಮಾತು ಒಂದೇ: 'ಅಂಗಿ ಹೊಲಿಯೋದು ಕಲಿಯಾಕ ಕಾಲೇಜ್ ಯಾಕ?'

ಉತ್ತರ ಅವಳ ಸ್ಕೆಚ್‌ಬುಕ್ಕಿನಲ್ಲಿದೆ.

ಮೊದಲು ನೋಡು, ಆಮೇಲೆ ಬರೆ

ಮೊದಲ ಪುಟಗಳಲ್ಲಿ ಚೆಂದದ ಚಿತ್ರಕ್ಕಿಂತ ಟಿಪ್ಪಣಿಯೇ ಹೆಚ್ಚು. ಬೆವರು ಎಲ್ಲಿ ನಿಲ್ಲುತ್ತದೆ? ಜೇಬು ಎಲ್ಲಿ ಹರಿಯುತ್ತದೆ? ಸಡಿಲ ತೋಳು ಯಂತ್ರಕ್ಕೆ ಸಿಕ್ಕರೆ ಕೈಯೇ ಹೋದೀತು. ತಿರುಗುವ ಯಂತ್ರದ ಹತ್ತಿರದ ಕೆಲವು ಕೆಲಸಕ್ಕೆ ಬಿಗಿ ಉಡುಪೇ ಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಬಿಗಿ ಮಾಡಿದರೆ ಬೇಸಿಗೆಯ 40 ಡಿಗ್ರಿ ಬಿಸಿಲಲ್ಲಿ ಜೀವ ಕುದಿಯುತ್ತದೆ. ಇವೆರಡರ ನಡುವೆ ದಾರಿ ಹುಡುಕುವುದೇ ಡಿಸೈನ್.

ಹತ್ತಾರು ಚಿತ್ರಗಳಲ್ಲಿ ಒಂದು ಉಳಿಯುತ್ತದೆ. ಅದರ ಮುಂಭಾಗ, ಹಿಂಭಾಗ, ಹೊಲಿಗೆ, ಗುಂಡಿ ಎಲ್ಲವನ್ನೂ ಅಳತೆ ಸಮೇತ ಬಿಡಿಸಬೇಕು. ನಂತರ ಕಾಗದದ ಪ್ಯಾಟರ್ನ್. ಹೊಲಿಗೆಗೆ ಮಾರ್ಜಿನ್ ಬಿಡಬೇಕು, ನೂಲಿನ ಉದ್ದದ ದಿಕ್ಕನ್ನು ಬಾಣದ ಗುರುತಿನಿಂದ ತೋರಿಸಬೇಕು. ದಿಕ್ಕು ತಪ್ಪಿದರೆ ಒಗೆದ ಮೇಲೆ ಅಂಗಿ ಸೊಟ್ಟಗಾಗುತ್ತದೆ.

ಮಾಂಜರಪಾಟಿನ ಪರೀಕ್ಷೆ

ಒಳ್ಳೆ ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಅಗ್ಗದ ಮಾಂಜರಪಾಟಿನಲ್ಲಿ ಒಂದು ಹೊಲಿದು ನೋಡುತ್ತಾರೆ. ಚಿತ್ರದ ಸೊಕ್ಕು ಮುರಿಯುವುದು ಇಲ್ಲಿಯೇ. ತೊಟ್ಟವರು ಕೈ ಎತ್ತಿದರೆ ಇಡೀ ಅಂಗಿ ಮೇಲೇಳುತ್ತದೆ, ಬಗ್ಗಿದರೆ ಬೆನ್ನು ಹಿಡಿಯುತ್ತದೆ. ಮತ್ತೆ ಪಿನ್ನು, ಮತ್ತೆ ಪೆನ್ಸಿಲ್ಲು.

ಪರಿಹಾರ ಕೆಲವೊಮ್ಮೆ ಮನೆಯ ಟ್ರಂಕಿನಲ್ಲೇ ಇರುತ್ತದೆ. ಅಜ್ಜನ ಹಳೇ ನಿಲುವಂಗಿಯ ಬಗಲಲ್ಲಿ ಕೂಡಿಸಿದ ಚೌಕದ ತುಂಡು ಅಲಂಕಾರಕ್ಕಿದ್ದದ್ದಲ್ಲ. ಕೈ ಎತ್ತಿ ದುಡಿಯುವವನಿಗೆ ಅಂಗಿ ಹಿಡಿಯಬಾರದೆಂದು ಹಳೆಯ ದರ್ಜಿ ಕಂಡುಕೊಂಡ ಉಪಾಯ ಅದು. ಅದನ್ನು ಬಿಚ್ಚಿ ನೋಡಿ ಅರ್ಥ ಮಾಡಿಕೊಂಡವರಿಗೆ ಅರ್ಧ ಪಾಠ ಮುಗಿದಂತೆ.

ಇನ್ನರ್ಧ ಲೆಕ್ಕದ್ದು. ಒಂದು ಅಂಗಿಗೆ ಬರೀ ಒಂದು ಇಂಚು ಬಟ್ಟೆ ಹೆಚ್ಚಿಗೆ ಹೋದರೂ ಸಾವಿರ ಅಂಗಿಗೆ 25 ಮೀಟರಿಗೂ ಮಿಕ್ಕಿ ಖರ್ಚು. ಆದ್ದರಿಂದ ತುಂಡುಗಳನ್ನು ಬಟ್ಟೆಯ ಅಗಲದಲ್ಲಿ ಒತ್ತೊತ್ತಾಗಿ ಹೊಂದಿಸುವುದೂ ಕಲಿಕೆಯೇ. ಜೇಬಿನ ಒಂದು ಗೆರೆ ಬದಲಾದರೂ ಬೆಲೆ ಬದಲಾಗುತ್ತದೆ.

ಹೊಲಿಗೆ ಕಲಿತವರು ಕೊಟ್ಟ ಅಂಗಿ ಹೊಲಿಯುತ್ತಾರೆ. ಈ ಅಂಗಿ ಹೀಗೇ ಏಕಿರಬೇಕು ಎಂದು ಕೇಳುವುದು ಡಿಸೈನ್ ಕಲಿತವರ ಕೆಲಸ. ಮನೆಯಲ್ಲಿ ಮಶಿನ್ ತುಳಿಯುವ ತಾಯಿಗೆ ಇದರ ಬಹುಪಾಲು ಮೊದಲೇ ಗೊತ್ತು. ಮಗಳ ಸ್ಕೆಚ್‌ಬುಕ್ಕನ್ನು ಆಕೆಗೊಮ್ಮೆ ತೋರಿಸಿದರೆ, ತಪ್ಪು ಮಾಂಜರಪಾಟಿನ ತನಕ ಹೋಗದೆ ಕಾಗದದ ಮೇಲೇ ಸಿಕ್ಕೀತು.